ತಂಬೂರಿ ಇಲ್ಲದ ಹನ್ನೆರಡು ಸ್ವರಗಳು

ಮನೆಯಲ್ಲಿ ಕೀಬೋರ್ಡೋ ಹಾರ್ಮೋನಿಯಮ್ಮೋ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲಿನ ಪಿಯಾನೊ ಆ್ಯಪ್ ಕೂಡ ಸಾಕು. ಈ ಹನ್ನೆರಡು ಸ್ವರಗಳನ್ನು ಇದೇ ಕ್ರಮದಲ್ಲಿ ನಿಧಾನವಾಗಿ ಒತ್ತಿ ನೋಡಿ:

ಸ ರಿ1 ಗ2 ದ2 ರಿ2 ನಿ3 ಗ3 ನಿ2 ಪ ದ1 ಮ1 ಮ2

ಸಂಗೀತ ಪಾಠಕ್ಕೆ ಹೋದವರಿಗೆ ಈ ಅಂಕಿಗಳು ಗೊತ್ತು. ರಿ1 ಶುದ್ಧ ರಿಷಭ, ರಿ2 ಚತುಶ್ರುತಿ, ಗ2 ಸಾಧಾರಣ, ಗ3 ಅಂತರ, ಹೀಗೆ. ಪಾಠಕ್ಕೆ ಹೋಗದವರು ಇಷ್ಟು ತಿಳಿದರೆ ಸಾಕು: ಒಂದು ಸ್ಥಾಯಿಯಲ್ಲಿ 7 ಬಿಳಿ ಕೀ, 5 ಕಪ್ಪು ಕೀ, ಒಟ್ಟು 12. ಆ ಹನ್ನೆರಡೂ ಇಲ್ಲಿ ಒಂದೊಂದೇ ಸಲ ಬಂದಿವೆ. ಯಾವುದೂ ಬಿಟ್ಟಿಲ್ಲ, ಯಾವುದೂ ಎರಡು ಸಲ ಬಂದಿಲ್ಲ.

ಇದು ವಿಯೆನ್ನಾದ ಸಂಗೀತಕಾರ ಆರ್ನಾಲ್ಡ್ ಶೋನ್‌ಬರ್ಗ್ 1921 ಮತ್ತು 1923ರ ನಡುವೆ ಬರೆದ ಪಿಯಾನೊ ಸೂಟ್ (ಹಲವು ಪುಟ್ಟ ಭಾಗಗಳ ಕೃತಿ), ಓಪಸ್ 25ರ ಸ್ವರಸಾಲು. ಅವರು ರೂಪಿಸಿದ ಹನ್ನೆರಡು ಸ್ವರಗಳ ಪದ್ಧತಿಯಲ್ಲಿ ಇಡೀ ಕೃತಿ ಇಂಥ ಒಂದು ಸಾಲಿನಿಂದ ಹುಟ್ಟುತ್ತದೆ. ಅವರ ಮೂಲದಲ್ಲಿ ಇದು 'ಇ' ಸ್ವರದಿಂದ ಶುರುವಾಗುತ್ತದೆ. ನಮಗೆ ಓದಲು ಸುಲಭವಾಗಲಿ ಅಂತ ಅದನ್ನೇ ಸ ಅಂದುಕೊಂಡು ಬರೆದಿದ್ದೇನೆ. ಆದರೆ ಹಾಗೆ ಕರೆದಾಗಲೇ ಒಂದು ತೊಂದರೆ ಶುರುವಾಗುತ್ತದೆ. ಈ ಸಂಗೀತದಲ್ಲಿ ಸ ಅನ್ನುವುದೇ ಇಲ್ಲ. ಇಲ್ಲಿ ಸ ಬರೀ ಹೆಸರು, ಶಾಲೆಯ ಹಾಜರಿ ಪುಸ್ತಕದ ಮೊದಲ ನಂಬರಿನ ಹಾಗೆ.

ನಾನು ಚಿಕ್ಕಂದಿನಲ್ಲಿ ಸರಳೆ, ಜಂಟಿ, ಅಲಂಕಾರ ಅಂತ ಒಂದಷ್ಟು ವರ್ಷ ಹಾಡಿದವನು. ಮೊದಲ ದಿನವೇ ಹೇಳಿಕೊಡುವುದು ಏನು? ಶ್ರುತಿಪೆಟ್ಟಿಗೆ ಹಾಕಿ, ಸ ಹಿಡಿ ಅಂತ. ಆಮೇಲಿನ ಎಲ್ಲ ಸ್ವರವೂ ಆ ಸ ಗೆ ಎಷ್ಟು ದೂರ ಅನ್ನುವುದರ ಮೇಲೆ ನಿಂತಿರುತ್ತದೆ. ನಿ ಮೇಲಕ್ಕೆ ಎಳೆಯುತ್ತದೆ, ಪ ಕೂರುತ್ತದೆ, ಸ ಗೆ ಬಂದರೆ ಉಸಿರು ಇಳಿಯುತ್ತದೆ. ಪಶ್ಚಿಮದ ಸಂಗೀತದಲ್ಲಿ ತಂಬೂರಿ ಮೀಟುವ ರೂಢಿ ಇಲ್ಲದಿದ್ದರೂ ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತಿದ್ದರು. ಮೇಜರ್, ಮೈನರ್ ಅಂತ ಕೀಗಳು (ಬೆರಳಲ್ಲಿ ಒತ್ತುವ ಕೀ ಅಲ್ಲ, ಒಂದು ನೆಲೆಸ್ವರದ ಸುತ್ತ ಕಟ್ಟಿದ ಸ್ವರಗಳ ಗುಂಪು), ಅವುಗಳಿಗೆ ತಕ್ಕ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳು. ಒಂದು ಸ್ವರ ನೆಲೆ, ಉಳಿದವು ಅದರ ಸುತ್ತ. ಬಾಕ್, ಮೊಜಾರ್ಟ್, ಬೀಥೋವನ್ ಎಲ್ಲರೂ ಈ ನೆಲದ ಮೇಲೇ ಕಟ್ಟಿದರು.

19ನೇ ಶತಮಾನದ ಎರಡನೇ ಅರ್ಧದಲ್ಲಿ ಈ ನೆಲ ಅಲುಗಾಡತೊಡಗಿತು. 1865ರಲ್ಲಿ ವೇದಿಕೆಗೆ ಬಂದ ವಾಗ್ನರ್‌ನ ಟ್ರಿಸ್ಟಾನ್ ಒಪೆರಾದ ಆರಂಭ ಕೇಳಿ. ಒಂದು ಕಾರ್ಡ್ ಇನ್ನೇನು ನೆಲೆಗೆ ಇಳಿಯುತ್ತದೆ ಅನ್ನುವಾಗ ಇನ್ನೊಂದಕ್ಕೆ ಜಾರುತ್ತದೆ, ಅದು ಮತ್ತೊಂದಕ್ಕೆ. ಸ ಇದೆ ಅಂತ ಕಿವಿಗೆ ಗೊತ್ತು, ಆದರೆ ಅಲ್ಲಿಗೆ ಬಿಡುವುದಿಲ್ಲ. ಮುಂದಿನ ನಲವತ್ತು ವರ್ಷ ಇದೇ ಜಾಸ್ತಿಯಾಗುತ್ತಾ ಹೋಯಿತು. 1908ರಲ್ಲಿ ವಿಯೆನ್ನಾದ ಶೋನ್‌ಬರ್ಗ್ ತನ್ನ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ಕೀಯನ್ನೇ ಬರೆಯಲಿಲ್ಲ. ಅಲ್ಲಿ ನಾಲ್ಕು ತಂತಿವಾದ್ಯಗಳ ಜೊತೆ ಒಂದು ಹೆಣ್ಣಿನ ದನಿ ಇರುತ್ತದೆ, ಬೇರೆ ಗ್ರಹದ ಗಾಳಿ ತಾಕುತ್ತಿದೆ ಅಂತ ಹಾಡುತ್ತದೆ. ಕವಿತೆ ಸ್ಟೆಫಾನ್ ಗೆಯೊರ್ಗೆಯದು. ಆ ಮಾತಿಗೆ ಅದಕ್ಕಿಂತ ಸರಿಯಾದ ಜಾಗ ಇರಲಿಲ್ಲ ಅನ್ನಿಸುತ್ತದೆ ನನಗೆ.

ನೆಲೆ ಬಿಟ್ಟಾಯಿತು. ಆದರೆ ನೆಲೆ ಇಲ್ಲದೆ ಒಂದು ಕೃತಿಯನ್ನು ಉದ್ದಕ್ಕೆ ಬೆಳೆಸುವುದು ಹೇಗೆ? ಸ ಇದ್ದಾಗ ಹೊರಟು ಬರುವುದೇ ಒಂದು ಕಥೆ. ಅದು ಹೋದಮೇಲೆ ಕೃತಿಗಳು ಕುಗ್ಗತೊಡಗಿದವು. 1911ರಲ್ಲಿ ಶೋನ್‌ಬರ್ಗ್ ಬರೆದ ಆರು ಪುಟ್ಟ ಪಿಯಾನೊ ತುಣುಕುಗಳಲ್ಲಿ ಕೊನೆಯದು ಬರೀ 9 ಬಾರ್, ನಮ್ಮ ತಾಳದ ಒಂಬತ್ತು ಆವರ್ತದ ಹಾಗೆ. ಅವರ ಶಿಷ್ಯ ಆಂಟನ್ ವೆಬರ್ನ್ ಅದೇ ಹೊತ್ತಿಗೆ ಬಗಟೆಲ್ ಅಂತ ಇನ್ನೂ ಚಿಕ್ಕ ತುಣುಕುಗಳನ್ನು ಬರೆಯುತ್ತಿದ್ದರು. ಆ ದಿನಗಳ ಬಗ್ಗೆ ವೆಬರ್ನ್ ಮುಂದೆ ಒಂದು ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾರೆ. ಕರಡು ಪುಸ್ತಕದಲ್ಲಿ ಹನ್ನೆರಡು ಸ್ವರಗಳನ್ನೂ ಬರೆದಿಟ್ಟುಕೊಂಡು, ಬಳಸಿದ್ದನ್ನೆಲ್ಲ ಒಂದೊಂದಾಗಿ ಹೊಡೆದುಹಾಕುತ್ತಿದ್ದರಂತೆ. ಹನ್ನೆರಡೂ ಮುಗಿದರೆ ತುಣುಕೂ ಮುಗಿಯಿತು ಅನ್ನಿಸುತ್ತಿತ್ತಂತೆ. ಇದು ನನಗೆ ತುಂಬಾ ಇಷ್ಟವಾದ ಚಿತ್ರ. ನಿಯಮ ಇನ್ನೂ ಹುಟ್ಟಿಲ್ಲ. ಕಿವಿ ಮಾತ್ರ ಆಗಲೇ ಅತ್ತ ಹೋಗುತ್ತಿದೆ, ಕೈಯಲ್ಲಿ ಪೆನ್ಸಿಲ್ ಇದೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಹನ್ನೆರಡು ಸ್ವರಗಳ ಪದ್ಧತಿ ಯಾರೋ ಲೆಕ್ಕದ ಮೇಷ್ಟ್ರು ಸುಮ್ನೆ ಕೂತು ಮಾಡಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹತ್ತು ಹದಿನೈದು ವರ್ಷ ನೆಲೆಯಿಲ್ಲದೆ ಬರೆದು ಬರೆದು, ಹಿಡಿಯಲು ಏನಾದರೂ ಬೇಕು ಅನ್ನಿಸಿದಾಗ ಸಿಕ್ಕ ದಾರ ಅದು. ವಿಯೆನ್ನಾದಲ್ಲೇ ಇದ್ದ ಯೋಸೆಫ್ ಮತ್ತಿಯಾಸ್ ಹೌವರ್ ಕೂಡ ಹೆಚ್ಚುಕಮ್ಮಿ ಅದೇ ಕಾಲಕ್ಕೆ ತಮ್ಮದೇ ಬೇರೆ ರೀತಿಯಲ್ಲಿ ಇಲ್ಲಿಗೆ ತಲುಪಿದ್ದರು.

ಮೂಲ ನಿಯಮ ಒಂದೇ ವಾಕ್ಯದ್ದು. ಹನ್ನೆರಡು ಸ್ವರಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಒಂದು ಸಾಲು ಮಾಡಿ, ಇಡೀ ಕೃತಿಯನ್ನು ಆ ಸಾಲಿನಿಂದಲೇ ಎಳೆಯಿರಿ. ಯಾವ ಸ್ವರವೂ ತನ್ನ ಸರದಿ ಬಿಟ್ಟು ಮತ್ತೆ ಮತ್ತೆ ತಲೆ ಹಾಕದಿದ್ದರೆ ಯಾವುದೂ ಸ ಆಗಲಾರದು. ಅದೇ ಉದ್ದೇಶ. ಹನ್ನೆರಡನ್ನು ಹೀಗೆ ಜೋಡಿಸಲು ಎಷ್ಟು ದಾರಿ ಇದೆ? 47,90,01,600. ನಲವತ್ತೇಳು ಕೋಟಿ ಚಿಲ್ಲರೆ. ಸ್ವರಗಳನ್ನು ಹೀಗೆ ಅದಲುಬದಲು ಮಾಡಿ ಎಣಿಸುವುದು ನಮ್ಮಲ್ಲೂ ಹಳೆಯದೇ. 13ನೇ ಶತಮಾನದ ಶಾರ್ಙ್ಗದೇವ ಸಂಗೀತ ರತ್ನಾಕರದಲ್ಲಿ ಸ್ವರಪ್ರಸ್ತಾರ ಹೇಳುತ್ತಾ ಏಳು ಸ್ವರಕ್ಕೆ 5040 ಅಂತ ಲೆಕ್ಕ ಕೊಡುತ್ತಾನೆ. ಆದರೆ ಅಲ್ಲಿ ಎಷ್ಟೇ ತಿರುಗಿಸಿದರೂ ಕೆಳಗೆ ಷಡ್ಜ ಕೂತಿರುತ್ತದೆ. ವಿಯೆನ್ನಾದವರು ಅದನ್ನೇ ಎತ್ತಿಬಿಟ್ಟರು.

ಸಾಲು ಒಂದೇ ಆದರೆ ಬೇಸರ ಬರುತ್ತದೆ ಅಲ್ವಾ? ಅದಕ್ಕೆ ನಾಲ್ಕು ರೂಪ. ನೇರ. ಕೊನೆಯಿಂದ ಮೊದಲಿಗೆ ಓದಿದರೆ ಉಲ್ಟಾ. ಎಲ್ಲಿ ಮೇಲೆ ಹತ್ತಿದೆಯೋ ಅಲ್ಲಿ ಅಷ್ಟೇ ಕೆಳಗಿಳಿದರೆ ತಲೆಕೆಳಗು. ತಲೆಕೆಳಗಾದದ್ದನ್ನು ಮತ್ತೆ ಹಿಂದಿನಿಂದ ಓದಿದರೆ ನಾಲ್ಕನೆಯದು. ಈ ನಾಲ್ಕನ್ನೂ ಹನ್ನೆರಡು ಸ್ವರಗಳಲ್ಲಿ ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಒಟ್ಟು 48. ಬಾಕ್ ಕೂಡ ತನ್ನ, ಒಂದೇ ಮಟ್ಟನ್ನು ಹಲವು ದನಿಗಳು ಸರದಿಯಲ್ಲಿ ಹಿಡಿಯುವ, ಫ್ಯೂಗ್‌ಗಳಲ್ಲಿ ಸ್ವರಗುಚ್ಛಗಳನ್ನು ಹೀಗೆ ತಿರುಗಿಸಿ ಮಗುಚಿ ಆಡಿದವನೇ, ಹಾಗಾಗಿ ಉಪಾಯ ಹೊಸದಲ್ಲ.

ಈಗ ಮೊದಲ ಸಾಲಿಗೆ ವಾಪಸ್ ಬನ್ನಿ. ಅದರ ತಲೆಕೆಳಗು ಹೀಗಿದೆ:

ಸ ನಿ3 ದ2 ಗ2 ನಿ2 ರಿ1 ದ1 ರಿ2 ಮ1 ಗ3 ಪ ಮ2

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎರಡೂ ಸ ಇಂದ ಶುರು, ಎರಡೂ ಮ2 ನಲ್ಲಿ ಕೊನೆ. ಮೂರು ಮತ್ತು ನಾಲ್ಕನೇ ಜಾಗದಲ್ಲಿ ಒಂದರಲ್ಲಿ ಗ2 ದ2, ಇನ್ನೊಂದರಲ್ಲಿ ದ2 ಗ2. ಶೋನ್‌ಬರ್ಗ್ ಈ ಸೂಟ್‌ನಲ್ಲಿ 48 ರೂಪಗಳನ್ನು ಬಳಸಿಯೇ ಇಲ್ಲ. ಸ ಮತ್ತು ಮ2 ಇಂದ ಶುರುವಾಗುವ ನೇರ, ತಲೆಕೆಳಗು, ಅವುಗಳ ಉಲ್ಟಾ, ಇಷ್ಟೇ ಎಂಟು. ಆ ಎಂಟರ ಎರಡೂ ತುದಿಯಲ್ಲಿ ಇದೇ ಎರಡು ಸ್ವರ ಬರುತ್ತವೆ, ಗ2 ದ2 ಜೋಡಿಯೂ ಅಂಟಿಕೊಂಡೇ ಇರುತ್ತದೆ. ಅಂದರೆ ನೆಲೆ ಕಿತ್ತುಹಾಕಿದ ಮನುಷ್ಯನೇ ಕಿವಿ ಹಿಡಿದುಕೊಳ್ಳಲಿ ಅಂತ ಕೆಲವು ಗೂಟಗಳನ್ನು ಮೆಲ್ಲಗೆ ಹೊಡೆದಿದ್ದಾನೆ. ಇನ್ನೊಂದು ವಿಷಯ. ಮೂಲ ಸಾಲಿನ ಕೊನೆಯ ನಾಲ್ಕು ಸ್ವರಗಳನ್ನು ಹಿಂದಿನಿಂದ ಜರ್ಮನ್ ಹೆಸರಿನಲ್ಲಿ ಓದಿದರೆ ಬಿ, ಎ, ಸಿ, ಎಚ್ ಬರುತ್ತದೆ. ಬಾಕ್‌ನ ಹೆಸರು. ಸೂಟ್‌ನ ಭಾಗಗಳ ಹೆಸರೂ ಗವಾಟ್, ಮಿನುಯೆಟ್, ಜೀಗ್ ಅಂತ ಬಾಕ್ ಕಾಲದ ಕುಣಿತಗಳದ್ದೇ.

ಓದಿದ್ದು ಸಾಕು, ಒಂದು ಸಾಲು ಮಾಡೋಣ. ಮಾಡಿದರೇ ಇದು ತಿಳಿಯುವುದು.

ಸ 0, ರಿ1 1, ರಿ2 2, ಗ2 3, ಗ3 4, ಮ1 5, ಮ2 6, ಪ 7, ದ1 8, ದ2 9, ನಿ2 10, ನಿ3 11. ಹೀಗೆ ನಂಬರ್ ಕೊಟ್ಟುಕೊಳ್ಳಿ. ಮೊದಲ ಸಲ ಮಾಡುವವರು ಸಾಮಾನ್ಯವಾಗಿ ಸ ಗ3 ಪ ಅಂತ ಶುರು ಮಾಡುತ್ತಾರೆ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನಾನೂ ಹಾಗೇ ಮಾಡಿದ್ದೆ. ಆ ಮೂರು ಸ್ವರ ಸೇರಿದ ತಕ್ಷಣ ಮೇಜರ್ ಕಾರ್ಡ್ ಆಗುತ್ತದೆ. ಕಿವಿ ಅಲ್ಲೇ ಚಾಪೆ ಹಾಸಿ ಕೂತುಬಿಡುತ್ತದೆ, ಮುಂದಿನ ಒಂಬತ್ತು ಸ್ವರ ತಪ್ಪು ನುಡಿಸಿದ ಹಾಗೆ ಕೇಳುತ್ತವೆ. ಅದಕ್ಕೇ ಪಕ್ಕಪಕ್ಕದ ಮೂರು ಸ್ವರಗಳಲ್ಲಿ ಮೇಜರ್, ಮೈನರ್ ಕಾರ್ಡ್ ಬರದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು. ಕಲಿಯುವಾಗಲಾದರೂ. ನಾನು ಕೊನೆಗೆ ಇಟ್ಟುಕೊಂಡ ಸಾಲು ಇದು:

0 6 5 9 8 2 1 7 11 10 4 3

ಅಂದರೆ ಸ ಮ2 ಮ1 ದ2 ದ1 ರಿ2 ರಿ1 ಪ ನಿ3 ನಿ2 ಗ3 ಗ2. ಹಾಡಿ ನೋಡಿದರೆ ಒಂದು ಗುಣ ಕಾಣುತ್ತದೆ. 6-5, 9-8, 2-1, 11-10, 4-3, ಐದು ಕಡೆ ಅರ್ಧ ಸ್ವರ ಕೆಳಗಿಳಿಯುತ್ತದೆ. ನಿಟ್ಟುಸಿರಿನ ಹಾಗೆ. ಸಾಲಿಗೆ ಒಂದು ಸ್ವಭಾವ ಬಂತು. ನನ್ನ ಮಟ್ಟಿಗೆ ಒಳ್ಳೆಯ ಸಾಲು ಅಂದರೆ ಇದೇ, ಅದರೊಳಗೆ ಒಂದು ಪುಟ್ಟ ನಡೆ ಪದೇ ಪದೇ ಬರಬೇಕು.

ತಲೆಕೆಳಗು ಮಾಡಲು ಪ್ರತಿ ನಂಬರನ್ನೂ 12ರಿಂದ ಕಳೆಯಿರಿ, 0 ಇದ್ದರೆ 0 ಆಗಿಯೇ ಬಿಡಿ:

0 6 7 3 4 10 11 5 1 2 8 9

ನಿಟ್ಟುಸಿರೆಲ್ಲ ಮೇಲಕ್ಕೇರುವ ನಡೆಯಾಯಿತು. 6-7, 3-4, 10-11. ಅದೇ ವಸ್ತು, ಮುಖ ಬೇರೆ. ಬೇರೆ ಸ್ವರದಿಂದ ಶುರು ಮಾಡಬೇಕೇ? ಎಲ್ಲಕ್ಕೂ ಒಂದೇ ಸಂಖ್ಯೆ ಕೂಡಿ, 12 ಅಥವಾ ಜಾಸ್ತಿ ಬಂದರೆ 12 ಕಳೆಯಿರಿ. 5 ಕೂಡಿದರೆ 5 11 10 2 1 7 6 0 4 3 9 8. ಲೆಕ್ಕ ಇಷ್ಟೇ. ಇದಕ್ಕಿಂತ ಕಷ್ಟದ್ದನ್ನು ನಾವು ದಿನಸಿ ಅಂಗಡಿಯಲ್ಲಿ ಮಾಡುತ್ತೇವೆ.

ನಿಜವಾದ ಕೆಲಸ ಇನ್ನೂ ಶುರುವೇ ಆಗಿಲ್ಲ. ಸಾಲು ರಾಗ ಅಲ್ಲ, ರಾಗಕ್ಕೆ ಸಂಚಾರ ಇದೆ, ಗಮಕ ಇದೆ, ಜೀವಸ್ವರ ಇದೆ. ಸಾಲು ಮಟ್ಟೂ ಅಲ್ಲ. ಅಂಗಳದಲ್ಲಿ ರಂಗೋಲಿಗೆ ಮೊದಲು ಚುಕ್ಕಿ ಇಡುತ್ತಾರಲ್ಲ, ಅದರ ಹಾಗೆ. ಚುಕ್ಕಿಗೆ ಲೆಕ್ಕ ಇದೆ, ಎಳೆ ನಿಮ್ಮದು. ಯಾವ ಸ್ಥಾಯಿಯಲ್ಲಿ ನುಡಿಸಬೇಕು, ಎಷ್ಟು ಹೊತ್ತು ಹಿಡಿಯಬೇಕು, ಜೋರೋ ಮೆಲ್ಲಗೋ, ಒಂದಾದ ಮೇಲೆ ಒಂದೋ ಇಲ್ಲ ನಾಲ್ಕೂ ಒಟ್ಟಿಗೆ ಕಾರ್ಡ್ ಆಗಿಯೋ, ಇದ್ಯಾವುದನ್ನೂ ಸಾಲು ಹೇಳುವುದಿಲ್ಲ. ಅದೇ ಸ್ವರವನ್ನು ಅಲ್ಲೇ ಎರಡು ಮೂರು ಸಲ ತಟ್ಟುವುದಕ್ಕೂ ಅಡ್ಡಿ ಇಲ್ಲ, ಸರದಿ ದಾಟಿ ಹೋಗಬಾರದು ಅಷ್ಟೇ. 11 ಮತ್ತು 10 ಪಕ್ಕದ ಸ್ವರಗಳು. ಆದರೆ 11 ಅನ್ನು ತಾರಸ್ಥಾಯಿಯಲ್ಲಿ, 10 ಅನ್ನು ಮಂದ್ರದಲ್ಲಿ ಇಟ್ಟರೆ ನಿಟ್ಟುಸಿರು ಹೋಗಿ ಬಂಡೆಯಿಂದ ಜಿಗಿದ ಹಾಗಾಗುತ್ತದೆ.

ನಾನು ಮೊದಲು ಹೀಗೆ ಬರೆದೆ. ಎಡಗೈಯಲ್ಲಿ 0, ಅಂದರೆ ಸ, ಕೆಳಗಿನ ಸ್ಥಾಯಿಯಲ್ಲಿ ಒತ್ತಿ ನಾಲ್ಕು ಬಾರ್ ಹಿಡಿದೆ. ಮೇಲೆ ಬಲಗೈಯಲ್ಲಿ 6-5, ಸ್ವಲ್ಪ ತಡೆದು 9-8, ಮತ್ತೆ ತಡೆದು 2-1. ಕಾಗದದ ಮೇಲೆ ನಿಯಮದ ಪ್ರಕಾರ ಒಂದೂ ತಪ್ಪಿಲ್ಲ. ನುಡಿಸಿದ ಮೊದಲ ಕ್ಷಣವೇ ತಂಬೂರಿ ಕೇಳಿಸಿತು. ಕೆಳಗೆ ಸ ಎಳೆಯುತ್ತಿದ್ದರೆ ಮೇಲಿನದ್ದೆಲ್ಲ ಅದಕ್ಕೆ ನೆಂಟರಾಗಿಬಿಡುತ್ತದೆ. 6-5 ಪ್ರತಿ ಮಧ್ಯಮದಿಂದ ಶುದ್ಧ ಮಧ್ಯಮಕ್ಕೆ ಇಳಿಯಿತು, 2-1 ಷಡ್ಜದ ಹತ್ತಿರ ಹತ್ತಿರ ಬರುತ್ತಿತ್ತು. ನಾನು ಎತ್ತಿಹಾಕಿದ್ದ ನೆಲೆ ತಾನಾಗಿ ಬಂದು ಕೂತಿತು. ಆ ಸ ಅನ್ನು ಒಂದು ಚಿಕ್ಕ ತಟ್ಟಿಗೆ ಇಳಿಸಿದೆ, ಪೆಡಲ್ ಬಿಟ್ಟೆ. ಆಗ ಮೂರು ನಿಟ್ಟುಸಿರುಗಳೂ ಗಾಳಿಯಲ್ಲಿ ನಿಂತವು. ಆಮೇಲೆ 7 ಒಂಟಿಯಾಗಿ, ಒಂದು ಮೌನ, ಕೊನೆಗೆ 11 10 4 3 ನಾಲ್ಕೂ ಸೇರಿ ಮೆಲ್ಲನೆಯ ಒಂದು ಕಾರ್ಡ್. ಐದು ಬಾರ್‌ಗೆ ಒಂದು ಸಂಜೆ ಹಿಡಿಯಿತು. ಆದರೆ ಯಾವ ಪುಸ್ತಕ ಓದಿದ್ದಕ್ಕಿಂತ ಜಾಸ್ತಿ ಆ ಸಂಜೆ ತಿಳಿಯಿತು: ನಿಯಮ ಪಾಲಿಸಿದರೆ ನೆಲೆ ತಾನಾಗಿ ಹೋಗುವುದಿಲ್ಲ, ಉದ್ದ, ಸ್ಥಾಯಿ, ಒತ್ತು ಎಲ್ಲವನ್ನೂ ಕಿವಿಯಿಂದಲೇ ತೂಗಬೇಕು.

ಹಾಗಾದರೆ ನೆಲೆ ಎಲ್ಲೂ ಇಣುಕಲೇಬಾರದಾ? ಶೋನ್‌ಬರ್ಗ್‌ನ ಇನ್ನೊಬ್ಬ ಶಿಷ್ಯ ಆಲ್ಬನ್ ಬರ್ಗ್ ಹಾಗೇನೂ ಅಂದುಕೊಳ್ಳಲಿಲ್ಲ. 1935ರಲ್ಲಿ ಅವರು ಬರೆದ ವಯಲಿನ್ ಕನ್ಚರ್ಟೊದ (ವಾದ್ಯವೃಂದದ ಜೊತೆ ಒಂದು ವಯಲಿನ್ ಮುಂದಾಗಿ ನುಡಿಯುವ ಕೃತಿ) ಸಾಲು ನೋಡಿ, ಇಲ್ಲಿ 'ಜಿ' ಯನ್ನು ಸ ಅಂದುಕೊಂಡಿದ್ದೇನೆ:

ಸ ಗ2 ಪ ನಿ3 ರಿ2 ಮ1 ದ2 ರಿ1 ಗ3 ಮ2 ದ1 ನಿ2

ಮೊದಲ ಮೂರೇ ಮೈನರ್ ಕಾರ್ಡ್. ನಾನು ಮೇಲೆ ಮಾಡಬೇಡಿ ಅಂದದ್ದನ್ನು ಬರ್ಗ್ ಬೇಕೆಂದೇ ಮಾಡಿದ್ದಾರೆ, ಅದೂ ಸಾಲಿನಲ್ಲಿ ನಾಲ್ಕು ಸಲ. ಬೆಸ ಜಾಗದ ಮೊದಲ ನಾಲ್ಕು, ಸ ಪ ರಿ2 ದ2, ವಯಲಿನ್‌ನ ನಾಲ್ಕು ಖಾಲಿ ತಂತಿಗಳು. ನಮ್ಮ ವಯಲಿನ್‌ನವರು ಸ ಪ ಸ ಪ ಅಂತ ಶ್ರುತಿ ಮಾಡುತ್ತಾರೆ, ಅಲ್ಲಿ ಅದು ಜಿ ಡಿ ಎ ಇ. ಕೊನೆಯ ನಾಲ್ಕು, ಗ3 ಮ2 ದ1 ನಿ2, ಪೂರ್ತಿ ಪೂರ್ತಿ ಸ್ವರದ ಮೆಟ್ಟಿಲು. ಬಾಕ್ ಬಳಸಿದ ಒಂದು ಚರ್ಚ್ ಹಾಡು, 'ಇನ್ನು ಸಾಕು' ಅಂತ ಅದರ ಅರ್ಥ, ಇದೇ ಮೆಟ್ಟಿಲಿನಿಂದ ಶುರುವಾಗುತ್ತದೆ. ಬರ್ಗ್ ಅದನ್ನು ಕೊನೆಯ ಭಾಗದಲ್ಲಿ ಹಾಗೇ ತರುತ್ತಾರೆ. ಯಾಕೆಂದರೆ ಇದು ಮಾನೋನ್ ಗ್ರೋಪಿಯಸ್ ಎಂಬ ಹುಡುಗಿಯ ನೆನಪಿಗೆ ಬರೆದದ್ದು. ಆಲ್ಮಾ ಮಾಲರ್ ಮತ್ತು ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಅವರ ಮಗಳು, 18ನೇ ವಯಸ್ಸಿಗೆ ಪೋಲಿಯೊದಿಂದ ತೀರಿಕೊಂಡಳು. ಅದೇ ವರ್ಷ ಡಿಸೆಂಬರ್ 24ರಂದು ಬರ್ಗ್ ಕೂಡ ಹೋದರು. ಕೃತಿ ಮೊದಲು ನುಡಿದದ್ದು 1936ರಲ್ಲಿ, ಬಾರ್ಸಿಲೋನಾದಲ್ಲಿ. ಅವರು ಅದನ್ನು ಕೇಳಲೇ ಇಲ್ಲ.

ವೆಬರ್ನ್ ಪೂರ್ತಿ ಬೇರೆ ದಿಕ್ಕಿಗೆ ಹೋದರು. 1934ರ ಅವರ ಒಂಬತ್ತು ವಾದ್ಯಗಳ ಕನ್ಚರ್ಟೊದ ಸಾಲನ್ನು ನಂಬರಿನಲ್ಲಿ ಬರೆದರೆ 0 11 3, 4 8 7, 9 5 6, 1 2 10. ಮೂರು ಮೂರಾಗಿ ನೋಡಿ. ಮೊದಲನೆಯದರಲ್ಲಿ 1 ಕೆಳಗೆ, 4 ಮೇಲೆ. ಎರಡನೆಯದರಲ್ಲಿ 4 ಮೇಲೆ, 1 ಕೆಳಗೆ. ಮೂರನೆಯದು 4 ಕೆಳಗೆ, 1 ಮೇಲೆ. ನಾಲ್ಕನೆಯದು 1 ಮೇಲೆ, 4 ಕೆಳಗೆ. ಕ್ರಮವಾಗಿ ನೇರ, ತಲೆಕೆಳಗಿನ ಉಲ್ಟಾ, ಉಲ್ಟಾ, ತಲೆಕೆಳಗು, ಎಲ್ಲವೂ ಒಂದೇ ಸಾಲಿನ ಹೊಟ್ಟೆಯಲ್ಲಿ ಇವೆ. ಮೂರೇ ಸ್ವರದ ಒಂದು ಬೀಜ. ಕೇಳುವಾಗ ಒಂದು ವಾದ್ಯದಿಂದ ಇನ್ನೊಂದಕ್ಕೆ ಮೂರು ಮೂರು ಹನಿಯಾಗಿ ದಾಟುತ್ತದೆ, ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹಾಗೆ.

1933ರಲ್ಲಿ ನಾಜಿಗಳು ಬಂದ ಮೇಲೆ ಯಹೂದಿಯಾಗಿದ್ದ ಶೋನ್‌ಬರ್ಗ್ ಬರ್ಲಿನ್‌ನ ಕೆಲಸ ಕಳೆದುಕೊಂಡು ದೇಶ ಬಿಟ್ಟರು, ಕೊನೆಗೆ ಲಾಸ್ ಏಂಜಲೀಸ್ ಸೇರಿ ಅಲ್ಲಿ ಪಾಠ ಮಾಡಿದರು. 1947ರಲ್ಲಿ ವಾರ್ಸಾದಿಂದ ಬದುಕಿ ಉಳಿದವನೊಬ್ಬನ ಮಾತನ್ನು ಇಟ್ಟುಕೊಂಡು ಏಳು ನಿಮಿಷದ ಒಂದು ಕೃತಿ ಬರೆದರು. ಕೊನೆಯಲ್ಲಿ ಗಂಡಸರ ಕೋರಸ್ ಹೀಬ್ರೂ ಪ್ರಾರ್ಥನೆ ಹಾಡುತ್ತದೆ, ಅದರ ಮಟ್ಟು ಬರುವುದು ಹನ್ನೆರಡು ಸ್ವರದ ಸಾಲಿನಿಂದ. ಈ ಪದ್ಧತಿಯಲ್ಲಿ ಭಾವ ಇಲ್ಲ ಅನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ. ವೆಬರ್ನ್ ಕಥೆ ಇನ್ನೊಂದು ರೀತಿ ಮುಗಿಯಿತು. ಯುದ್ಧ ಮುಗಿದ ಮೇಲೆ, 1945ರ ಸೆಪ್ಟೆಂಬರ್ 15ರ ರಾತ್ರಿ, ಮಿಟರ್‌ಸಿಲ್ ಎಂಬ ಊರಿನಲ್ಲಿ ಸಿಗಾರ್ ಸೇದಲು ಮನೆ ಹೊರಗೆ ಬಂದಾಗ ಅಮೆರಿಕನ್ ಸೈನಿಕನ ಗುಂಡಿಗೆ ಬಲಿಯಾದರು.

ಮುಂದಿನ ತಲೆಮಾರಿನ ಹುಡುಗರು ವೆಬರ್ನ್‌ರನ್ನು ಹಿಡಿದುಕೊಂಡರು. ಸ್ವರಕ್ಕೆ ಸಾಲು ಇದ್ದರೆ, ಕಾಲಕ್ಕೆ ಯಾಕಿಲ್ಲ? ಜೋರಿಗೆ, ಕೀ ಒತ್ತುವ ರೀತಿಗೆ ಯಾಕಿಲ್ಲ? ಇದನ್ನೇ ಸೀರಿಯಲ್ ಸಂಗೀತ ಅನ್ನುವುದು. ಅಮೆರಿಕದಲ್ಲಿ ಮಿಲ್ಟನ್ ಬ್ಯಾಬಿಟ್ 1947ರಲ್ಲೇ ಈ ದಾರಿ ಹಿಡಿದಿದ್ದರು. ಯೂರೋಪಿನಲ್ಲಿ ಕಿಡಿ ಹೊತ್ತಿಸಿದ್ದು 1949ರಲ್ಲಿ ಒಲಿವಿಯೆ ಮೆಸ್ಸಿಯೆನ್ ಬರೆದ ಒಂದು ಪಿಯಾನೊ ತುಣುಕು. ಅದರಲ್ಲಿ ಬೇರೆ ಬೇರೆ ಸ್ಥಾಯಿಯ ಒಟ್ಟು 36 ಸ್ವರಗಳು, 24 ಕಾಲಾವಧಿಗಳು, 12 ಬಗೆಯ ಒತ್ತು, 7 ಮಟ್ಟದ ದನಿ. ಒಂದು ಸ್ವರಕ್ಕೆ ಒಂದೇ ಕಾಲ, ಒಂದೇ ಒತ್ತು, ಒಂದೇ ದನಿ. ಅದು ಯಾವಾಗ ಬಂದರೂ ಹಾಗೇ ಬರಬೇಕು. ಶಾರ್ಙ್ಗದೇವ ಪಟ್ಟಿ ಮಾಡಿದ 120 ದೇಶೀತಾಳಗಳನ್ನು ಓದಿ ತಮ್ಮ ಕೃತಿಗಳಿಗೆ ತೆಗೆದುಕೊಂಡವರೂ ಇದೇ ಮೆಸ್ಸಿಯೆನ್. ಕಾಲವನ್ನು ಸ್ವರದಷ್ಟೇ ಗಂಭೀರವಾಗಿ ಎಣಿಸುವ ಅಭ್ಯಾಸ ಅವರಿಗೆ ಮೊದಲೇ ಇತ್ತು. ಅವರ ಶಿಷ್ಯ ಪಿಯರ್ ಬೌಲೆಜ್ ಆ ತುಣುಕಿನಿಂದಲೇ ಹನ್ನೆರಡು ಸ್ವರ ಎತ್ತಿಕೊಂಡು ಎರಡು ಪಿಯಾನೊಗಳಿಗೆ 'ಸ್ಟ್ರಕ್ಚರ್ಸ್' ಬರೆದರು. ಸ್ಟಾಕ್‌ಹೌಸನ್ 1951ರಲ್ಲಿ ಇದೇ ದಾರಿಯಲ್ಲಿ 'ಕ್ರೊಯ್ಟ್ಸ್‌ಶ್ಪೀಲ್' ಬರೆದರು.

ಇದನ್ನೂ ಮಾಡಿ ನೋಡಬಹುದು. ನನ್ನ ಸಾಲಿನ ಪ್ರತಿ ನಂಬರಿಗೂ ಒಂದು ಕೂಡಿ, ಅದನ್ನು ಮಾತ್ರೆ ಅಂದುಕೊಳ್ಳಿ: 1 7 6 10 9 3 2 8 12 11 5 4. ಒಟ್ಟು 78. ತೊಡೆಯ ಮೇಲೆ ಎಣಿಸಿಕೊಂಡು ಪ್ರತಿ ಗುಂಪಿನ ಮೊದಲ ಮಾತ್ರೆಗೆ ಚಪ್ಪಾಳೆ ಹೊಡೆಯಿರಿ. ಲಯ ಅಭ್ಯಾಸ ಇದ್ದವರಿಗೆ ಎರಡು ಮೂರು ಸಲಕ್ಕೆ ಕೈ ಕೂರುತ್ತದೆ. ಆದರೆ ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಅಂತ ಮಾತ್ರ ಸಿಗುವುದಿಲ್ಲ. ಸ್ವರದಲ್ಲಿ ಸ ಹೋದ ಹಾಗೆ ಇಲ್ಲಿ ಸಮ ಹೋಯಿತು.

ನನ್ನ ಅಭಿಪ್ರಾಯ ಕೇಳಿದರೆ, ಎಲ್ಲಕ್ಕೂ ಸಾಲು ಹಾಕಿದ ಆ ಮೂರು ನಾಲ್ಕು ವರ್ಷದ ಕೃತಿಗಳನ್ನು ನಾನು ಗೌರವದಿಂದ ಕೇಳುತ್ತೇನೆ, ಮತ್ತೆ ಮತ್ತೆ ಕೇಳಲು ಮನಸ್ಸಾಗುವುದಿಲ್ಲ. 1955ರಲ್ಲೇ ಸಂಗೀತಕಾರ ಯಾನಿಸ್ ಕ್ಸೆನಾಕಿಸ್ ಇದರ ಮೂಲ ದೋಷ ಹೇಳಿದ್ದರು: ಎಳೆಗಳು ಅಷ್ಟು ಸಿಕ್ಕಾದರೆ ಕಿವಿ ಒಂದೊಂದನ್ನೂ ಹಿಡಿಯುವುದಿಲ್ಲ, ಒಟ್ಟು ಒಂದು ಮೋಡದ ಹಾಗೆ ಕೇಳುತ್ತದೆ. ಬರೆದವರಿಗೂ ಅದು ಗೊತ್ತಾಯಿತು, ಬೇಗನೇ ದಾರಿ ಸಡಿಲಿಸಿದರು. 1956ರಲ್ಲಿ ಇಟಲಿಯ ಲೂಯಿಜಿ ನೋನೊ ಇದೇ ಪದ್ಧತಿಯಿಂದ, ನಾಜಿಗಳ ಕೈಯಲ್ಲಿ ಸಾಯುವ ಮೊದಲು ಪ್ರತಿರೋಧದ ಹೋರಾಟಗಾರರು ಬರೆದ ಪತ್ರಗಳಿಗೆ ಸಂಗೀತ ಕಟ್ಟಿದರು. ಅದನ್ನು ಕೇಳಿದವರು ಲೆಕ್ಕದ ಬಗ್ಗೆ ಮಾತಾಡುವುದಿಲ್ಲ.

ಕೇಳುವಾಗ ಸಾಲು ಹುಡುಕಬೇಡಿ. ನಿಟ್ಟುಸಿರು, ಜಿಗಿತ, ತಡೆ, ಯಾವ ವಾದ್ಯ ಎಲ್ಲಿ ಮಾತು ಬಿಟ್ಟಿತು, ಇವನ್ನು ಹಿಡಿಯಿರಿ. ಶುರು ಮಾಡಲು ಬರ್ಗ್ ಕನ್ಚರ್ಟೊ ಒಳ್ಳೆಯದು. ಆರಂಭದಲ್ಲಿ ವಯಲಿನ್ ಖಾಲಿ ತಂತಿಗಳನ್ನು ಒಂದೊಂದಾಗಿ ಮುಟ್ಟುತ್ತದೆ, ಶ್ರುತಿ ನೋಡಿಕೊಳ್ಳುವವರ ಹಾಗೆ. ಸುಮಾರು ಇಪ್ಪತ್ತೈದು ನಿಮಿಷ ಆದಮೇಲೆ ಅದೇ ಸ್ವರಗಳು ಮತ್ತೆ ಬರುತ್ತವೆ, ವಯಲಿನ್ ಮೇಲೆ ಹತ್ತಿ ಹೋಗಿ ಎತ್ತರದ ಒಂದು ಜಿ ಹಿಡಿದು ನಿಲ್ಲುತ್ತದೆ.